ಗಣಿಯೊಳಗೆ ಅತ್ತೆ ಅಳಿಯ

ಪ್ರವಾಸ ಹೋಗುವವರು ಬೆಟ್ಟಕ್ಕೋ ಸಮುದ್ರಕ್ಕೋ ಹೋಗುತ್ತಾರೆ. ನಾನು ರಜೆ ಹಾಕಿ, ಮುಚ್ಚಿಹೋದ ಕಲ್ಲಿದ್ದಲ ಗಣಿ ನೋಡಲು ಹೋದೆ. ಅದೂ ಅತ್ತೆಯವರ ಜೊತೆ. ಶಹಾಪುರದ ನಮ್ಮ ಕಚೇರಿಯಲ್ಲಿ ಯಾರೂ ಹೊಟ್ಟೆಕಿಚ್ಚು ಪಡಲಿಲ್ಲ.

ಅತ್ತೆಯವರದು ಯಾದಗಿರಿ ಹತ್ತಿರದ ಮುದನಾಳ. ಮಾವನವರು ಆಯುಷ್ಯವೆಲ್ಲ ತೆಲಂಗಾಣದ ಆ ಗಣಿ ಊರಿನಲ್ಲಿ ದುಡಿದು, ಹಬ್ಬಕ್ಕಷ್ಟೇ ಮನೆಗೆ ಬರುತ್ತಿದ್ದವರು. ಹೆಂಡತಿಯನ್ನು ಒಮ್ಮೆಯೂ ಅಲ್ಲಿಗೆ ಕರೆದೊಯ್ಯಲಿಲ್ಲ. "ಅದೇನು ಹೆಣ್ಮಕ್ಕಳು ನೋಡೋ ಊರಲ್ಲ" ಎನ್ನುತ್ತಿದ್ದರಂತೆ. ಅಲ್ಲಿ ಇನ್ನೊಂದು ಸಂಸಾರ ಇರಬೇಕೆಂದು ಓಣಿಯವರು ಪಿಸುಗುಟ್ಟಿದರು. ಮಾವ ತೀರಿಕೊಂಡರೂ ಆ ಮುಳ್ಳು ಅತ್ತೆಯವರ ಎದೆಯಲ್ಲೇ ಉಳಿದಿತ್ತು. ಗಣಿಯನ್ನು ಈಗ ಟಿಕೆಟು ಕೊಟ್ಟು ತೋರಿಸುತ್ತಾರೆಂದು ತಿಳಿದದ್ದೇ ತಡ, "ನಾ ಒಮ್ಮಿ ನೋಡೇ ಬರಬೇಕು" ಎಂದು ಹಟ ಹಿಡಿದರು.

ತೊಂದರೆ ಇಷ್ಟೇ. ಅತ್ತೆಯವರು ಹಳೆಯ ಕಾಲದವರು. ಅಳಿಯನ ಮುಂದೆ ತಲೆಯ ಮೇಲಿನ ಸೆರಗು ಇಳಿಸುವುದಿಲ್ಲ, ನೇರ ಮಾತಾಡುವುದಿಲ್ಲ. ಮದುವೆಯಾದಾಗಿನಿಂದ ನಮ್ಮ ಮಾತುಕತೆಯೆಲ್ಲ ನನ್ನ ಹೆಂಡತಿ ಶಾರದೆಯ ಮೂಲಕವೇ. ರೈಲಿನಲ್ಲಿ ಎದುರಿಗೇ ಕೂತು, "ಶಾರೀ, ಅವರಿಗಿ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುವರು. "ಸಾಕಂತ ಹೇಳು" ಎನ್ನುವೆ ನಾನು. ರೊಟ್ಟಿ ಮಾತ್ರ ಯಾರ ಮಾತಿಗೂ ಕಾಯದೆ ನನ್ನ ಕೈಗೆ ಬರುತ್ತಿತ್ತು.

ಗಣಿಯ ಬಾಗಿಲಲ್ಲಿ ಶಾರದೆ, "ನನಗ ಉಸಿರು ಕಟ್ಟತೈತಿ, ನೀವಿಬ್ಬರೂ ಹೋಗಿ ಬರ್ರಿ" ಎಂದು ಹೊರಗೇ ಕುಳಿತಳು. ಸೆರಗಿನ ಮೇಲೆ ಹಳದಿ ಹೆಲ್ಮೆಟ್ಟು ಏರಿಸಿಕೊಂಡ ಅತ್ತೆಯವರು, ತೆಲುಗಷ್ಟೇ ಬಲ್ಲ ಗೈಡನ್ನು ಹಿಡಿದರು: "ತಮ್ಮಾ, ತಲಿ ಬಗ್ಗಿಸಿ ನಡೀರಿ ಅಂತ ಅವರಿಗಿ ಹೇಳು." ಅವನು ನಗುತ್ತ ತಲೆಯಾಡಿಸಿದ. ಅವನು ಹೇಳಲಿ ಎಂದು ಮರ್ಯಾದೆಯಿಂದ ಕಾದ ನಾನು ತೊಲೆಗೆ ಹಣೆ ಬಡಿಸಿಕೊಂಡೆ.

ಒಳಗೆ ಬಹಳ ದೂರ ಹೋದ ಮೇಲೆ, ಕೆಲಸಗಾರರು ಕಂಡ ಕತ್ತಲು ಎಂಥದೆಂದು ತೋರಿಸಲು ಗೈಡು ದೀಪ ಆರಿಸಿದ. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ನನಗೆ ನಿಜಕ್ಕೂ ಭಯವಾಯಿತು. ಸಿಕ್ಕಿದ ಕೈಯೊಂದನ್ನು ಗಟ್ಟಿಯಾಗಿ ಹಿಡಿದೆ. ರೊಟ್ಟಿ ಬಡಿದು ಬಡಿದು ಗಡುಸಾದ ಕೈ.

"ಅಂಜಬ್ಯಾಡ್ರಿ, ನಾ ಅದೀನಿ" ಎಂದರು ಅತ್ತೆಯವರು, ಮೊದಲ ಸಲ ನೇರವಾಗಿ ನನಗೇ. ಕೈ ಬಿಡದೆಯೇ ಮುಂದುವರಿಸಿದರು: "ನಿಮ್ಮ ಮಾವಾರು ಮನಿಗಿ ಬಂದಾಗ ರಾತ್ರಿ ದೀಪ ಆರಸಾಕ ಕೊಡ್ತಿದ್ದಿಲ್ರಿ. ಬೆಳಕಿಗಿ ನಿದ್ದಿ ಬರಂಗಿಲ್ಲಂತ ನಾ ಜಗಳ ತಗದು ಊದಿಬಿಡ್ತಿದ್ದೆ. ಇಂಥಾ ಕತ್ತಲಿ ಅಂತ ಒಂದ್ ಮಾತು ಹೇಳಲಿಲ್ಲ ನೋಡ್ರಿ. ನಾ ಇದನ್ನ ನೋಡಬಾರದಂತನ ಕರಕೊಂಡು ಬರಲಿಲ್ಲ."

ನಾನು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ದೀಪ ಬಂದ ಕೂಡಲೇ ಅತ್ತೆಯವರು ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದರು. ಹೊರಗೆ ಬಂದು ಮಗಳಿಗೆ ಹೇಳಿದ್ದು ಒಂದೇ ಮಾತು: "ನಿಮ್ಮ ಮನಿಯವರು ಕತ್ತಲಿಗಿ ಭಾಳ ಅಂಜ್ತಾರ. ರಾತ್ರಿ ದೀಪ ಹಚ್ಚೇ ಇಡು. ನನ್ನಂಗ ಜಗಳ ತಗೀಬ್ಯಾಡ."

ಅಂದಿನಿಂದ ನಮ್ಮ ಕೋಣೆಯಲ್ಲಿ ಬೆಳಗಿನ ತನಕ ದೀಪ ಉರಿಯುತ್ತದೆ. ಬೆಳಕಿದ್ದರೆ ನನಗೆ ಜನ್ಮದಲ್ಲಿ ನಿದ್ದೆ ಹತ್ತುವುದಿಲ್ಲ. ಆದರೆ ಅದು ಉರಿಯುತ್ತಿರುವುದು ಮಾವನವರಿಗಾಗಿ ಎಂದು ನನಗೆ ಗೊತ್ತು. ಶಾರದೆಗೆ ಅನುಮಾನ ಬರಬಾರದೆಂದು ಕಣ್ಣು ಮುಚ್ಚಿಕೊಂಡು ಸುಳ್ಳು ಗೊರಕೆ ಹೊಡೆಯುತ್ತ ಮಲಗಿರುತ್ತೇನೆ.