ಅಪ್ಪನ ಕ್ಯಾಮೆರಾಗೊಂದು ಬ್ಯಾಟರಿ

ಹಳೇ ರೀಲ್ ಕ್ಯಾಮೆರಾ ಇಟ್ಟುಕೊಂಡವನಿಗೆ ಫೋಟೋ ತೆಗೆಯಲು ಪುರುಸೊತ್ತಿರುವುದಿಲ್ಲ. ಬ್ಯಾಟರಿ ಹುಡುಕುವುದರಲ್ಲೇ ಆಯಸ್ಸು ಕಳೆಯುತ್ತದೆ. ಅಪ್ಪ ಬಿಟ್ಟುಹೋದ ಕ್ಯಾಮೆರಾಗೆ ಬೇಕಾದ ಗುಂಡಿಯಂಥ ಬ್ಯಾಟರಿ ತಯಾರಾಗುವುದೇ ಎಂದೋ ನಿಂತುಹೋಗಿದೆ. ಅದಿಲ್ಲದೆ ಬೆಳಕು ಅಳೆಯುವ ಮುಳ್ಳು ಅಲ್ಲಾಡುವುದಿಲ್ಲ.

ಅರಸೀಕೆರೆಯಲ್ಲಿ ಶಾಲಾ ಗುಮಾಸ್ತನಾಗಿರುವ ನಾನು ಇದನ್ನು ತಲೆಗೆ ಹಚ್ಚಿಕೊಂಡದ್ದು ಎಂಬತ್ತು ದಾಟಿದ ಅಮ್ಮನ ದೆಸೆಯಿಂದ. "ನಾನು ಹೋದ್ಮೇಲೆ ಗೋಡೆಗೆ ಹಾಕೋಕೆ ಒಂದು ಒಳ್ಳೇ ಫೋಟೋ ತೆಗಿಯೋ, ನಿಮ್ಮಪ್ಪನ ಕ್ಯಾಮೆರಾದಲ್ಲೇ" ಎಂದಳು. ಮೊಬೈಲ್ ಎತ್ತಿದರೆ, "ಅದು ಕಳ್ಸೋ ಫೋಟೋ ಕಣೋ, ನೇತುಹಾಕೋದಲ್ಲ."

ಬೆಳಕನ್ನು ಅಂದಾಜು ಮಾಡಿ ಒಂದು ರೀಲು ತೆಗೆದೆ. ಅಮ್ಮನ ಸೀರೆ ಬಂದಿತ್ತು, ಅಮ್ಮ ಬಂದಿರಲಿಲ್ಲ.

೧. ಬೋಣಿ ಹೊತ್ತು

ನಮ್ಮೂರಿನ ವಾಚ್ ರಿಪೇರಿಯವರ ಅಂಗಡಿಗೆ ಆಫೀಸಿಗೆ ಹೋಗುವ ಮೊದಲೇ ಹೋದೆ. ಹಳೇ ಬ್ಯಾಟರಿಯನ್ನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದರು. "ಸಿಗುತ್ತೆ ಸಾರ್, ನಾಳೆ ಬನ್ನಿ." ಮರುದಿನವೂ ಹಾಗೇ ಅಂದರು, ಅದರ ಮರುದಿನವೂ. ನಾಲ್ಕನೇ ದಿನ ಶಾಲೆಗೆ ಅರ್ಧ ದಿನ ರಜೆಯಿತ್ತು, ಮಧ್ಯಾಹ್ನ ಹೋದೆ.

"ಅದು ಎಲ್ಲೂ ಸಿಗಲ್ಲ ಸಾರ್" ಎಂದರು.

"ಮೂರು ದಿನ ಸಿಗುತ್ತೆ ಅಂದ್ರಲ್ರೀ?"

"ನೀವು ಬೋಣಿ ಹೊತ್ತಿಗೇ ಬಂದು ನಿಂತ್ರೆ ಬಾಯ್ಬಿಟ್ಟು ಇಲ್ಲ ಅಂತ ಹೆಂಗ್ ಹೇಳ್ಲಿ?"

೨. ಬೇಲೂರಿನ ಸ್ಟುಡಿಯೋ

ಬೇಲೂರಿನ ಸ್ಟುಡಿಯೋದವನು ಕ್ಯಾಮೆರಾ ಕಂಡದ್ದೇ ಎದ್ದು ನಿಂತ. ಇದರ ಬೆಲೆ ಗೊತ್ತಿರುವವನು ಕೊನೆಗೂ ಸಿಕ್ಕ ಎಂದು ನನಗೂ ಎದೆ ತುಂಬಿಬಂತು. "ಕೊಡ್ತೀರಾ ಸಾರ್? ಮದುವೆಗೆ ಮುಂಚೆ ಹುಡುಗ ಹುಡುಗಿ ಫೋಟೋ ತೆಗೀತೀವಲ್ಲ, ಹುಡುಗನ ಕೈಲಿ ಹಿಡಿಸ್ಬೇಕು" ಎಂದ.

"ಇದು ಕೆಲಸ ಮಾಡಲ್ಲಪ್ಪ. ಬ್ಯಾಟರಿ ಇಲ್ಲ."

"ಪರವಾಗಿಲ್ಲ ಬಿಡಿ, ಆ ಹುಡುಗರೂ ಏನೂ ಕೆಲಸ ಮಾಡ್ತಿರಲ್ಲ."

೩. ಹಳೇಬೀಡಿನಲ್ಲಿ ಅಮ್ಮ

ಊರೆಲ್ಲ ಸುತ್ತಿದ ಮೇಲೆ ಬ್ಯಾಟರಿ ಸಿಕ್ಕಿದ್ದು ಮನೆಯಲ್ಲೇ. ಅಮ್ಮನ ಕಿವಿ ಮಿಷನ್ನಿನ ಬ್ಯಾಟರಿ ಹೆಚ್ಚುಕಮ್ಮಿ ಅದೇ ಗಾತ್ರದ್ದು. ಕ್ಯಾಮೆರಾದೊಳಗೆ ಒಂದು ನಲ್ಲಿ ವಾಷರ್ ಇಟ್ಟು ಅದನ್ನು ಕೂರಿಸಿದೆ, ಮುಳ್ಳು ಅಲ್ಲಾಡಿತು. ನನಗೆ ನಿಜವಾಗಿಯೂ ಅಳು ಬಂತು. ಅದನ್ನು ಅಮ್ಮನ ಮಿಷನ್ನಿಗೇ ಮರಳಿ ಹಾಕಿ, ಕ್ಯಾಮೆರಾಗೆಂದು ಹೊಸದೊಂದು ಪೊಟ್ಟಣ ತಂದಿಟ್ಟೆ.

ಭಾನುವಾರ ಅಮ್ಮನನ್ನು ಹಳೇಬೀಡಿಗೆ ಕರೆದುಕೊಂಡು ಹೋದೆ. ಅಪ್ಪ ಅವಳ ಮೊದಲ ಫೋಟೋ ತೆಗೆದದ್ದು ಅಲ್ಲಿಯ ದೇವಸ್ಥಾನದ ಎದುರಿಗೇ. ಅಲ್ಲಿ ಕ್ಯಾಮೆರಾ ತೆರೆದಾಗ ಗೊತ್ತಾಯಿತು, ಹೊಸ ಬ್ಯಾಟರಿಗಳ ಪೊಟ್ಟಣ ಮನೆಯ ಫ್ರಿಜ್ಜಿನ ಮೇಲೇ ಉಳಿದಿದೆ. ಇದ್ದದ್ದು ಒಂದೇ, ಅಮ್ಮನ ಕಿವಿಯಲ್ಲಿ. "ತಗೋ, ಐದು ನಿಮಿಷ ತಾನೇ" ಎಂದು ಅವಳೇ ಬಿಚ್ಚಿಕೊಟ್ಟಳು.

"ಅಮ್ಮ, ಇಲ್ಲಿ ನೋಡು" ಎಂದೆ. ಒಂದು ಬಸ್ಸಿನಷ್ಟು ಪ್ರವಾಸಿಗರು ನೋಡಿದರು. "ಸ್ವಲ್ಪ ನಗು" ಎಂದು ಕೂಗಿದೆ. ಅವರು ನಕ್ಕರು. ಅಮ್ಮ ಕಿವಿಗೆ ಕೈ ಹಿಡಿದು ಕತ್ತು ಚಾಚಿ, "ಏನಂದೆ?" ಎಂದಳು. ಹೀಗೇ ಕೂಗುತ್ತ, ಒತ್ತುತ್ತ ರೀಲು ಮುಗಿಯಿತು.

ತೊಳೆಸಲು ಬೆಂಗಳೂರಿಗೆ ಕಳಿಸಿದ್ದ ರೀಲಿನ ಫೋಟೋಗಳು ಬಂದವು. ಬೆಳಕು ಬಹಳ ಚೆನ್ನಾಗಿತ್ತು. ಎಲ್ಲದರಲ್ಲೂ ಅಮ್ಮ ಕಿವಿಗೆ ಕೈ ಹಿಡಿದು, ಬಾಯಿ ತೆರೆದು ನಿಂತಿದ್ದಳು. ನಾನು ಮುಖ ಸಪ್ಪೆ ಮಾಡಿಕೊಂಡು ಕೂತೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿ, ಒಂದನ್ನು ಆರಿಸಿ ನನ್ನ ಕೈಗಿಟ್ಟಳು.

"ಇದನ್ನೇ ಹಾಕು. ಸಾವಿನ ಮನೆಗೆ ಬಂದೋರು ಬರೀ ಗುಸುಗುಸು ಅಂತಾರೆ. ನನ್ನ ನೋಡಾದ್ರೂ ಜೋರಾಗಿ ಮಾತಾಡ್ಲಿ."