ಏಳು ಸಾವಿರ ಜ್ಯೋತಿರ್ವರ್ಷ ದೂರದ ಬ್ಯಾನರ್

ಗ್ರಂಥಪಾಲಕರು ಪಣ ತೊಟ್ಟುಬಿಟ್ಟರು. ಗ್ರಂಥಾಲಯದ ಹಿಂಬದಿ ಕೋಣೆಯಿಂದ ಮುರಿದ ಕುರ್ಚಿಗಳನ್ನು ಓಡಿಸಿ, ಅಲ್ಲಿ ಮಕ್ಕಳಿಗಾಗಿ ಬ್ರಹ್ಮಾಂಡವನ್ನೇ ತಂದು ಕೂರಿಸದಿದ್ದರೆ ತಮ್ಮ ಹೆಸರು ಬದಲಿಸಿಕೊಳ್ಳುವುದಾಗಿ ಸಾರಿದರು! ಗ್ರಂಥಾಲಯದ ನಿರ್ದೇಶಕಿಯವರು ಒಂದೇ ಒಂದು ಅವಕಾಶ ಕೊಟ್ಟರು. ಶನಿವಾರದ ಬಾಹ್ಯಾಕಾಶ ಪ್ರದರ್ಶನ ಮೆಚ್ಚುಗೆಯಾದರೆ ಕೋಣೆ ಇವರದು, ಇಲ್ಲವಾದರೆ ಕುರ್ಚಿಗಳದು. ಹದಿನಾಲ್ಕು ವರ್ಷ ಆ ಕೋಣೆಗಾಗಿ ಅರ್ಜಿ ಹಾಕಿದ್ದ ಮನುಷ್ಯನಿಗೆ ಅಂದು ಊಟ ಸೇರಲಿಲ್ಲ.

ಆಕಾಶದ ಆಚೆಗೆ ನೋಡಬೇಕೆನ್ನುವ ಈ ಮಹಾನುಭಾವರಿಗೆ ಕನ್ನಡಕ ಹಾಕಿಕೊಳ್ಳುವುದು ಮಾತ್ರ ಅವಮಾನ. ಅವರ ಹೆಂಡತಿಗೆ ಕಣ್ಣಾಸ್ಪತ್ರೆಯಲ್ಲಿ ಕೆಲಸ. ಕಣ್ಣಿನೊಳಗಿನ ಫೋಟೊ ತೆಗೆಯುವವರು. ಒಮ್ಮೆ ಗದರಿಸಿ ಕರೆದೊಯ್ದು, ಗಂಡನ ಗಲ್ಲವನ್ನು ಯಂತ್ರಕ್ಕೆ ಒತ್ತಿ ಹಿಡಿದು ಎಡಗಣ್ಣಿನ ಫೋಟೊ ತೆಗೆದಿದ್ದರು. ಅದರಲ್ಲೊಂದು ಕಪ್ಪು ಕಲೆ. ಡಾಕ್ಟರು ಬೇಗ ಬರಲಿ ಎಂದರು, ಗ್ರಂಥಪಾಲಕರು ಪ್ರದರ್ಶನ ಮುಗಿಯಲಿ ಎಂದರು. ಕಣ್ಣಾರೆ ಕಂಡರಾದರೂ ಬುದ್ಧಿ ಬಂದೀತೆಂದು ಆಕೆ ಆ ಫೋಟೊವನ್ನು ಮನೆಯ ಕಂಪ್ಯೂಟರಿನಲ್ಲಿ, ಗಂಡ ನೀಹಾರಿಕೆಗಳ ಚಿತ್ರ ಕೂಡಿಟ್ಟ ಕಡೆಯೇ ಹಾಕಿಟ್ಟರು.

ಗಂಡ ಕಂಡರು. ಕುಣಿದಾಡಿದರು! ಕಿತ್ತಳೆ ಬಣ್ಣದ ಮಹಾಗೋಳ, ಪಕ್ಕದಲ್ಲಿ ಹೊಳೆಯುವ ಹಳದಿ ಬಿಂದು, ಅಲ್ಲಿಂದ ಕವಲೊಡೆದು ಹರಿಯುವ ಕೆಂಪು ಹೊನಲುಗಳು. ಉಳಿದ ನೀಹಾರಿಕೆಗಳೆಲ್ಲ ಇದರ ಮುಂದೆ ಸಪ್ಪೆ. ಮರುದಿನವೇ ಅದು ಆರಡಿ ಬ್ಯಾನರ್ ಆಯಿತು. ಇದು ಯಾವ ಗ್ರಹ ಸಾರ್ ಎಂದ ಬ್ಯಾನರಿನವನಿಗೆ, ಗ್ರಹವಲ್ಲಯ್ಯ, ನಕ್ಷತ್ರಗಳ ಹೆರಿಗೆ ಕೋಣೆ ಎಂದು ಪಾಠ ಹೇಳಿ ಬಂದರು.

ಶನಿವಾರ ಕೋಣೆ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ನಿರ್ದೇಶಕಿ. ಆಸ್ಪತ್ರೆಯಿಂದ ನೇರವಾಗಿ ಬಂದ ಹೆಂಡತಿ ಬಾಗಿಲಲ್ಲೇ ನಿಂತು ಬ್ಯಾನರ್ ನೋಡಿದರು. ದಿನಾ ಇಂಥ ನೂರು ಫೋಟೊ ತೆಗೆಯುವವರಿಗೆ ಗುರುತು ಹತ್ತದೇ ಇದ್ದೀತೇ? ನಿಲ್ಲಿಸಿ ಎಂದು ಎರಡೂ ಕೈ ಬೀಸಿದರು. ಕನ್ನಡಕವಿಲ್ಲದ ಗಂಡನಿಗೆ ಅದು ಚಪ್ಪಾಳೆಯಂತೆ ಕಂಡಿತು! ಹುಮ್ಮಸ್ಸು ಏರಿ, ಈ ಬೆಳಕು ಏಳು ಸಾವಿರ ವರ್ಷದ ಹಿಂದೆ ಹೊರಟಿದ್ದೆಂದೂ, ಇಂಥ ಚೆಲುವು ಭೂಮಿಯ ಮೇಲೆ ಹುಡುಕಿದರೂ ಸಿಗದೆಂದೂ ಕೋಲು ಆಡಿಸುತ್ತ ಬಣ್ಣಿಸಿದರು.

ಆ ಕಪ್ಪು ಕಲೆ ಏನೆಂದು ಒಬ್ಬ ಪುಟ್ಟ ಹುಡುಗಿ ಕೇಳಿದಳು.

"ಗುಟ್ಟಿರೋದೇ ಅಲ್ಲಿ ಕಂದಾ. ಅಲ್ಲೊಂದು ನಕ್ಷತ್ರ ಹುಟ್ತಾ ಇದೆ. ಇನ್ನು ಆರು ಲಕ್ಷ ವರ್ಷ ಕಾದ್ರೆ ಫಳಫಳ ಹೊಳೆಯುತ್ತೆ."

"ಅಷ್ಟು ದಿನ ಕಾಯೋಕಾಗಲ್ಲ ರೀ," ಎಂದಿತು ಬಾಗಿಲ ಕಡೆಯ ದನಿ. "ಅದು ನಿಮ್ಮ ಎಡಗಣ್ಣು. ಡಾಕ್ಟರು ಸೋಮವಾರ ಬರೋಕೆ ಹೇಳಿದಾರೆ."

ಕೋಣೆಯೆಲ್ಲ ನಗುವೋ ನಗು. ನಗದೇ ಇದ್ದವರು ಇಬ್ಬರೇ. ಒಬ್ಬರು ಬ್ಯಾನರಿಗೆ ಮೂಗು ತಾಗಿಸಿ ತಮ್ಮ ಕಣ್ಣನ್ನು ಹುಡುಕುತ್ತಿದ್ದ ಗ್ರಂಥಪಾಲಕರು. ಇನ್ನೊಬ್ಬರು ಆ ಕಲೆಗೆ ನಿಜಕ್ಕೂ ಹೆದರಿದ್ದ ಅವರ ಹೆಂಡತಿ. ಮಕ್ಕಳು ಮಾತ್ರ ಬ್ಯಾನರ್ ಬಿಟ್ಟು ಕದಲಲೊಲ್ಲರು. ಅದನ್ನು ನೋಡಿದ ನಿರ್ದೇಶಕಿ, ಕೋಣೆಯೇನೋ ನಿಮ್ಮದೇ, ಆದರೆ ಮೊದಲು ಕಣ್ಣು ಸರಿಮಾಡಿಸಿಕೊಂಡು ಬನ್ನಿ ಎಂದರು.

ಸೋಮವಾರ ಕಣ್ಣಿಗೆ ಲೇಸರ್ ಚಿಕಿತ್ಸೆ ಆಯಿತು, ಕನ್ನಡಕವೂ ಬಂತು. ಬ್ಯಾನರ್ ಈಗಲೂ ಅದೇ ಗೋಡೆಯ ಮೇಲಿದೆ. ಅದರ ಕೆಳಗೆ ಗ್ರಂಥಪಾಲಕರು, ಹೆಂಡತಿ ಹೇಳಿದಂತೆ, ತಮ್ಮ ಕೈಯಾರೆ ಬರೆದು ಅಂಟಿಸಿದ್ದಾರೆ: "ಗ್ರಂಥಪಾಲಕರ ಎಡಗಣ್ಣು. ದೂರ: ಮೂಗಿನಿಂದ ಎರಡು ಬೆರಳು."