ಬಾವುಟ ಒಗೆದವರು ಯಾರು?

ಗಂಡನ ಮನೆಯ ಉಪ್ಪು ತಿಂದವಳು ಎದುರು ಪಾಳಯದ ಟೀಮಿಗೆ ಚಪ್ಪಾಳೆ ತಟ್ಟಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೆ ಮಲೇಷ್ಯಾದ ಸುಬಾಂಗ್ ಜಯಾದಲ್ಲಿದ್ದ ದೇವೇಂದ್ರನ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತಿತ್ತು.

ಅಲ್ಲಿ ಎರಡು ಯೂನಿವರ್ಸಿಟಿಗಳು. ಒಂದು ಗುಡ್ಡದ ಮೇಲೆ, ಇನ್ನೊಂದು ಕೆರೆಯ ದಡದಲ್ಲಿ. ಬೋರ್ಡಿನ ಮೇಲೆ ಎರಡಕ್ಕೂ ಮಾರುದ್ದದ ಹೆಸರುಗಳಿದ್ದರೂ ನಮ್ಮ ಕನ್ನಡದವರ ಬಾಯಲ್ಲಿ ಅವು ಬರೀ ‘ಗುಡ್ಡ’ ಮತ್ತು ‘ಕೆರೆ’. ಪ್ರತಿ ಜುಲೈನಲ್ಲಿ ಗುಡ್ಡಕ್ಕೂ ಕೆರೆಗೂ ಫುಟ್‌ಬಾಲ್ ಪಂದ್ಯ. ಈ ಹಗೆ ಯಾಕೆ ಶುರುವಾಯಿತೆಂದು ಕೇಳಿದರೆ ಎರಡೂ ಕಡೆಯವರಿಗೆ ಗೊತ್ತಿಲ್ಲ, ನಿಲ್ಲಿಸುವ ಯೋಚನೆಯೂ ಇಲ್ಲ. ಪಂದ್ಯ ಮುಗಿದ ಮೇಲೆ ಸೋತ ಕಡೆಯ ಹಳೇ ವಿದ್ಯಾರ್ಥಿಗಳು ಗೆದ್ದವರನ್ನು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿಗೆ ಕರೆದೊಯ್ದು ಕೂರಿಸಿ, ತಾವು ನಿಂತುಕೊಂಡು ಬಡಿಸಬೇಕು. ಗೆದ್ದವರು ಕೈ ತೊಳೆಯುವವರೆಗೆ ಸೋತವರು ಕೂರುವಂತಿಲ್ಲ. (ಮಂಡಿನೋವಿನವರಿಗೂ ವಿನಾಯಿತಿ ಇಲ್ಲ.)

ದೇವೇಂದ್ರ ಗುಡ್ಡದವನು. ದಾವಣಗೆರೆಯಿಂದ ಓದಲು ಬಂದು ಇಲ್ಲೇ ಬೇರು ಬಿಟ್ಟವನು. ಕಾಲೇಜು ಟೀಮಿನಲ್ಲಿದ್ದ, ಅದೂ ಮೂರು ವರ್ಷ, ಆದರೆ ಮೂರೂ ವರ್ಷ ಬೆಂಚಿನ ಮೇಲೆ. ಒಮ್ಮೆಯೂ ಅವನನ್ನು ಮೈದಾನಕ್ಕಿಳಿಸದ ಕ್ಯಾಪ್ಟನ್ ಕೊನೆಗೆ ಅಯ್ಯೋ ಪಾಪ ಎನಿಸಿ ಬಾವುಟವನ್ನು ಕೈಗೆ ಕೊಟ್ಟ. ಅಂದಿನಿಂದ ದೇವೇಂದ್ರ ಗುಡ್ಡ ಸಂಸ್ಥಾನದ ಶ್ರೀಮನ್ಮಹಾಧ್ವಜಧಾರಿ. ಹಸಿರು ಬಟ್ಟೆ, ನಡುವೆ ಬಿಳಿ ಗುಡ್ಡ. ಅದನ್ನು ಒಗೆಯುವಂತಿಲ್ಲ, ಒಗೆದರೆ ಅದೃಷ್ಟ ಹೋಗುತ್ತದೆಂದು ನಂಬಿಕೆ. ಎರಡು ದಶಕಗಳ ಬೆವರು, ಚಹಾ, ಮಳೆನೀರು ಎಲ್ಲ ಅದರಲ್ಲೇ ಇಂಗಿ, ಬೀರು ತೆಗೆದರೆ ಮನೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಹೆಂಡತಿ ಸುಮತಿ ಕೆರೆಯವಳು. ಮದುವೆಯಾಗಿ ಬಂದ ಮೇಲೆ ಎಂ.ಎ. ಓದುತ್ತೇನೆಂದಳು. ಅವಳಿಗೆ ಬೇಕಾದ ಕೋರ್ಸು ಇದ್ದದ್ದು ಕೆರೆಯಲ್ಲಿ ಮಾತ್ರ. ಸೇರಿಸಿ, ಸಾಕಿ, ಬೆಳೆಸಿ ಶತ್ರುವಿಗೆ ಒಪ್ಪಿಸಿದವನು ಇವನೇ. ಇಷ್ಟು ಸಾಲದೆಂಬಂತೆ ಎದುರು ಮನೆಯಲ್ಲೇ ಸಿರಿಲ್ ಇದ್ದ. ಮಂಗಳೂರಿನವನು, ಒಂದು ಕಾಲದ ಕೆರೆಯ ಗೋಲ್‌ಕೀಪರ್, ಈಗ ಕೆರೆಯ ಹಳೇ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಅವನ ಮುಂದೆ ತಲೆ ತಗ್ಗಿಸಬಾರದೆಂಬುದೇ ದೇವೇಂದ್ರನ ಬದುಕಿನ ಏಕೈಕ ಸಿದ್ಧಾಂತ.

ಕೊರೋನಾ ಬಂತು. ದೇವೇಂದ್ರ ಇದ್ದದ್ದು ಪ್ರವಾಸ ಮಾಡಿಸುವ ಕಂಪನಿಯಲ್ಲಿ. ಜನ ಮನೆಯ ಗೇಟು ದಾಟಲಾಗದ ಕಾಲದಲ್ಲಿ ಬಾಲಿಗೆ ಹೋಗುವವರು ಯಾರು? ಎರಡನೆಯ ವರ್ಷದ ಹೊತ್ತಿಗೆ ಕಂಪನಿ, ಮನೆಯಲ್ಲೇ ಇರಿ, ಕರೆಯುತ್ತೇವೆ ಎಂದಿತು. ಕರೆಯಲೇ ಇಲ್ಲ. ದೇವೇಂದ್ರ ಇದನ್ನು ಹೊರಗೆ ಯಾರಿಗೂ ಹೇಳಲಿಲ್ಲ. ಬೆಳಗಾದರೆ ಇಸ್ತ್ರಿ ಶರಟು, ಟೈ, ಕೆಳಗೆ ಲುಂಗಿ. ಸಿರಿಲ್‌ಗೆ ಕಾಣುವ ಕಿಟಕಿಯ ಬಳಿ ಕೂತು, ಆಫಾದ ಲ್ಯಾಪ್‌ಟಾಪಿನ ಮುಂದೆ ಗಟ್ಟಿಯಾಗಿ, “ಯೆಸ್ ಯೆಸ್, ಬಾಲಿ ಗ್ರೂಪ್ ಕನ್‌ಫರ್ಮ್!” ಎನ್ನುತ್ತಿದ್ದ.

“ಬಾಲಿ ಗ್ರೂಪಿಗೆ ಊಟಕ್ಕೇನು ಹೇಳಿದ್ರಿ?” ಸುಮತಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. “ನಮಗೆ ಇವತ್ತೂ ಗಂಜಿನೇ.”

“ಮೆಲ್ಲಗೆ ಮಾತಾಡೇ! ಎದುರು ಮನೆಗೆ ಕೇಳುತ್ತೆ.”

“ಕೇಳ್ಲಿ ಬಿಡಿ. ನನ್ನ ಟ್ಯೂಷನ್ ಮಕ್ಕಳೂ ಬಿಟ್ಟೋದ್ರು, ಅಕ್ಕಿ ಡಬ್ಬ ತಳ ಕಾಣ್ತಿದೆ. ಸಿರಿಲ್ ಹತ್ರ ನಾನೊಂದು ಮಾತು ಹೇಳ್ಲಾ?”

“ಹೇಳಿದ್ರೆ ನನ್ನ ಹೆಣ ನೋಡ್ತೀಯ!”

“ಹೆಣದ ಬಾಯಿಗೆ ಹಾಕೋಕೂ ನಾಲ್ಕು ಕಾಳು ಅಕ್ಕಿ ಬೇಕು ರೀ. ಹೋಗ್ಲಿ, ನಿಮ್ಮ ಗುಡ್ಡದೋರ ಗ್ರೂಪಲ್ಲಿ ಅಷ್ಟೊಂದು ಜನ ಇದಾರಲ್ಲ. ಅವರಿಗಾದ್ರೂ ಹೇಳಿ.”

“ಅವರಾ? ನಾನು ಬಾಯಿ ಬಿಟ್ರೆ ಪ್ರಾಣ ಕೊಡ್ತಾರೆ. ಅದಕ್ಕೇ ಬಾಯಿ ಬಿಡ್ತಿಲ್ಲ.”

ಆ ತಿಂಗಳು ಮಲೇಷ್ಯಾದಲ್ಲಿ ಒಂದು ಹೊಸ ರೂಢಿ ಹುಟ್ಟಿತ್ತು. ಮನೆಯಲ್ಲಿ ಅಕ್ಕಿ ಬೇಳೆ ಮುಗಿದವರು ಯಾರ ಮುಂದೆಯೂ ಕೈ ಚಾಚಬೇಕಿಲ್ಲ. ಗೇಟಿಗೆ ಒಂದು ಬಿಳಿ ಬಟ್ಟೆ ಕಟ್ಟಿದರಾಯಿತು, ನೋಡಿದವರು ತಾವಾಗಿಯೇ ತಂದುಕೊಡುತ್ತಾರೆ. ಮಗಳು ಪ್ರಕೃತಿ ಕಿಟಕಿಯಿಂದ ಇಣುಕಿ, “ಅಪ್ಪಾ, ಕಾರ್ನರ್ ಹೌಸ್ ಆಲ್ಸೋ ಪುಟ್ ವೈಟ್ ಫ್ಲ್ಯಾಗ್ ಲಾ,” ಎಂದಳು.

“ಮಾನ ಇಲ್ಲದೋರು,” ಎಂದು ದೇವೇಂದ್ರ ಮೂಗು ಮುರಿದ. ಹಿಂದಿನ ರಾತ್ರಿ ಅವನು ಉಂಡಿದ್ದು ಒಂದು ಲೋಟ ಗಂಜಿ.

ಸುಮತಿ ಏನೂ ಹೇಳಲಿಲ್ಲ. ಅವಳು ಸುಮ್ಮನಾದರೆ ಹೆದರಬೇಕೆಂಬ ಬುದ್ಧಿ ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಬರಬೇಕಿತ್ತು.

ಸತತ ಎರಡನೆಯ ಜುಲೈ ಪಂದ್ಯವಿಲ್ಲದೆ ಹೋಗಬಾರದೆಂದು ಎರಡೂ ಸಂಘದವರು ಸೇರಿ ಒಂದು ಉಪಾಯ ಹೂಡಿದರು. ಹಳೆಯ ಪಂದ್ಯವೊಂದರ ವಿಡಿಯೋವನ್ನು ಜೂಮ್‌ನಲ್ಲಿ ಹಾಕುವುದು, ಎಲ್ಲರೂ ಮನೆಯಲ್ಲೇ ಕೂತು ಕಿರುಚುವುದು. ಅದು ಗುಡ್ಡ ಗೆದ್ದ ಪಂದ್ಯ ಎಂದು ತಿಳಿದಾಗ ದೇವೇಂದ್ರನಿಗೆ ಎಷ್ಟೋ ತಿಂಗಳ ಮೇಲೆ ಮುಖದಲ್ಲಿ ಕಳೆ ಬಂತು. ಹಿಂದಿನ ರಾತ್ರಿಯೇ ಬಾವುಟವನ್ನು ಬೀರುವಿನಿಂದ ತೆಗೆದು ಕುರ್ಚಿಯ ಮೇಲೆ ಹರಡಿಟ್ಟು ಮಲಗಿದ. ಪಂದ್ಯದ ದಿನ ಬೆಳಗ್ಗೆ ಸ್ನಾನ ಮುಗಿಸಿ ಬಂದು ನೋಡುತ್ತಾನೆ, ಕುರ್ಚಿ ಖಾಲಿ.

“ಸುಮತೀ! ನನ್ನ ಬಾವುಟ ಎಲ್ಲೇ?”

ಉತ್ತರ ಬರುವ ಮೊದಲೇ ಗೇಟಿನ ಬಳಿ ಸಿರಿಲ್‌ನ ದನಿ ಕೇಳಿತು. ದೇವೇಂದ್ರ ಗಡಬಡಿಸಿ ಟೈ ಬಿಗಿದುಕೊಂಡು ಹೊರಗೆ ಬಂದ. ಮಾಸ್ಕು ಹಾಕಿಕೊಂಡ ಸಿರಿಲ್ ಹೆಗಲ ಮೇಲೆ ಅಕ್ಕಿ ಚೀಲ ಹೊತ್ತು ನಿಂತಿದ್ದ. ಅವನ ಸಂಘದವರು ಹಂಚುತ್ತಿದ್ದ ಆ ಚೀಲದ ಮೇಲೆ ಕೆರೆಯ ನೀಲಿ ಲಾಂಛನ, ಅಂಗೈಯಗಲದ್ದು.

“ಎಂತ ಮಾರಾಯಾ ನೀನು! ಎದುರು ಮನೆಯಲ್ಲಿದ್ದು ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ? ದಿನಾ ಬಾಲಿ ಬಾಲಿ ಅಂತ ಬೊಬ್ಬೆ ಹಾಕ್ತಿದ್ದಿ, ನಾನು ಪೂರಾ ನಂಬಿದ್ದೆ ಮಾರಾಯಾ.”

ದೇವೇಂದ್ರನ ಕಣ್ಣು ಗೇಟಿನ ಕಡೆ ತಿರುಗಿತು. ಅಲ್ಲಿ ಬೆಳ್ಳಗಿನ ಒಂದು ಬಟ್ಟೆ ಗಾಳಿಗೆ ಹಾರಾಡುತ್ತಿತ್ತು. ಅಂಚಿನ ದಪ್ಪ ಹೊಲಿಗೆ ತನ್ನದೇ. ದಿಟ್ಟಿಸಿ ನೋಡಿದರೆ ನಡುವೆ ಗುಡ್ಡದ ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಬ್ಲೀಚ್ ವಾಸನೆ ಮೂಗಿಗೆ ಬಡಿಯಿತು.

ಈಗ ಬಡಪಾಯಿ ಏನು ಹೇಳಬೇಕು? ಅದು ಬಿಳಿ ಬಾವುಟ ಅಲ್ಲ, ನಮ್ಮ ಗುಡ್ಡದ ಬಾವುಟ ಎಂದರೆ, ಯಾರೂ ಒಗೆಯಬಾರದ್ದನ್ನು ಪಂದ್ಯದ ಹೊತ್ತಿನಲ್ಲೇ ಕೆರೆಯ ಹೆಣ್ಣುಮಗಳು ಬಕೆಟ್ಟಿನಲ್ಲಿ ನೆನೆಹಾಕಿದ್ದು ಕೆರೆಯ ಕಾರ್ಯದರ್ಶಿಗೇ ಗೊತ್ತಾಗುತ್ತದೆ. ಸುಮ್ಮನಿದ್ದರೆ ಕೆರೆಯ ಅಕ್ಕಿಗೆ ಕೈಯೊಡ್ಡಿದಂತೆ. ಒಂದು ಕಡೆ ಗುಡ್ಡದ ಮಾನ, ಇನ್ನೊಂದು ಕಡೆ ತನ್ನ ಮಾನ. ಅವನು ಇನ್ನೂ ತೂಗಿ ನೋಡುತ್ತಿರುವಾಗಲೇ ಪಕ್ಕದ ಮನೆಯ ಮಲಾಯ್ ಅಜ್ಜಿ ಮೊಟ್ಟೆಯ ಟ್ರೇ ತಂದು ಗೋಡೆಯ ಮೇಲಿಟ್ಟು ಹೋದಳು, ಸುಮತಿ ಬಂದು ಸಿರಿಲ್‌ನ ಹೆಗಲಿನಿಂದ ಚೀಲ ಇಳಿಸಿಕೊಂಡಳು.

“ಒಂದು ಫೋಟೋ ತೆಗೀಬೇಕಲ್ಲ ದೇವೇಂದ್ರ,” ಎಂದ ಸಿರಿಲ್ ಸಂಕೋಚದಿಂದ. “ನಂಗೆ ಅಲ್ಲ ಮಾರಾಯಾ. ಕೊಟ್ಟದ್ದಕ್ಕೆ ಗ್ರೂಪಿನವರಿಗೆ ತೋರಿಸ್ಲಿಕ್ಕುಂಟು. ಮಾಸ್ಕ್ ಹಾಕಿಕೋ, ಮುಖ ಕಾಣುದಿಲ್ಲ.”

ಹೀಗೆ ಗುಡ್ಡದ ಧ್ವಜಧಾರಿ ಟೈ ಕಟ್ಟಿಕೊಂಡು, ಲುಂಗಿ ಉಟ್ಟುಕೊಂಡು, ಕೆರೆಯ ಲಾಂಛನವನ್ನು ಎದೆಗವಚಿಕೊಂಡು ಫೋಟೋಗೆ ನಿಂತ. ಸಿರಿಲ್ ಹೀಯಾಳಿಸಿದ್ದರೆ ಎಷ್ಟೋ ವಾಸಿಯಿತ್ತು. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ದೇವೇಂದ್ರ ಇವತ್ತಿಗೂ ಕ್ಷಮಿಸಿಲ್ಲ.

ಮಧ್ಯಾಹ್ನ ಜೂಮ್ ತೆರೆಯಿತು. ಮೊದಲರ್ಧ ಮುಗಿದು ವಿರಾಮ ಬಂತು. ಪರದೆಯ ತುಂಬ ಆ ಫೋಟೋ! ‘ಗುಡ್ಡದ ಕುಟುಂಬಕ್ಕೆ ಕೆರೆಯ ಆಸರೆ’ ಎಂದು ಕೆಳಗೆ ಇಂಗ್ಲಿಷಿನಲ್ಲಿ ತಲೆಬರಹ. ಮಾಸ್ಕು ಮುಖವನ್ನು ಮುಚ್ಚಿತ್ತು, ಗೇಟಿನ ಮನೆ ನಂಬರನ್ನು ಮುಚ್ಚಿರಲಿಲ್ಲ.

ಮರುಕ್ಷಣವೇ ಫೋನು ಗುಂಯ್‌ಗುಟ್ಟತೊಡಗಿತು. ಗುಡ್ಡದವರ ಗ್ರೂಪು. ನಾಚಿಕೆಯ ನಡುವೆಯೂ ದೇವೇಂದ್ರ ಆಸೆಯಿಂದ ಫೋನು ಎತ್ತಿಕೊಂಡ. ಗೊತ್ತಾಯಿತಲ್ಲ, ಇನ್ನು ನಮ್ಮವರು ಬಿಡುವುದಿಲ್ಲ, ಕೆರೆಯ ಅಕ್ಕಿಯನ್ನು ಅವರೇ ಎಸೆಯಿಸಿ ತಮ್ಮದನ್ನು ಲಾರಿಯಲ್ಲಿ ಕಳಿಸುತ್ತಾರೆ ಎಂದುಕೊಂಡ. ಗ್ರೂಪು ತೆರೆದ.

ಹಿಂದೆ ಕಾಣ್ತಿರೋದು ನಮ್ಮ ಬಾವುಟ ಅಲ್ಲವಾ, ಎಂದು ಒಬ್ಬ ಕೇಳಿದ್ದ. ಇನ್ನೊಬ್ಬ ಫೋಟೋ ಹಿಗ್ಗಿಸಿ, ಗುಡ್ಡದ ಗೆರೆಯ ಸುತ್ತ ಕೆಂಪು ವೃತ್ತ ಎಳೆದಿದ್ದ. ಆಮೇಲೆ ಒಬ್ಬರ ಹಿಂದೊಬ್ಬರು ಒಂದೇ ಪ್ರಶ್ನೆ: ಬಾವುಟ ಒಗೆದವರು ಯಾರು? ಒಗೆಯಲು ಯಾರ ಅನುಮತಿ ಇತ್ತು? ಇಷ್ಟು ವರ್ಷದ ಅದೃಷ್ಟ ತೊಳೆದುಹೋಯಿತಲ್ಲ! ಕೊನೆಗೆ ಆಸ್ಟ್ರೇಲಿಯಾದಿಂದ ಅದೇ ಹಳೇ ಕ್ಯಾಪ್ಟನ್ ಬರೆದಿದ್ದ: ಜವಾಬ್ದಾರಿ ಇಲ್ಲದವರ ಕೈಗೆ ಕೊಟ್ಟದ್ದು ನನ್ನ ತಪ್ಪು, ಹೊಸ ಬಾವುಟ ಹೊಲಿಸೋಣ, ಹೊಸಬರನ್ನು ನೋಡೋಣ. ಅದಕ್ಕೆ ಸಾಲು ಸಾಲು ಹೆಬ್ಬೆರಳು.

ದೇವೇಂದ್ರ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹುಡುಕಿದ. ಮನೆಯಲ್ಲಿ ಊಟಕ್ಕೇನಿದೆ ಎಂದು ಒಬ್ಬನೂ ಕೇಳಿರಲಿಲ್ಲ. ಪರದೆಯ ಮೇಲೆ ಎರಡನೆಯ ಅರ್ಧವೂ ಮುಗಿದು, ಆಗಲೇ ಗೆದ್ದಿದ್ದ ಗುಡ್ಡ ಮತ್ತೊಮ್ಮೆ ಗೆದ್ದಿತು. ಅವನು ಲ್ಯಾಪ್‌ಟಾಪ್ ಮುಚ್ಚಿ ಟೈ ಬಿಚ್ಚಿದ.

ಅಡುಗೆಮನೆಯಿಂದ ಬಿಸಿ ಅನ್ನದ ಪರಿಮಳ ಬಂತು. ಸತ್ತರೂ ಉಣ್ಣುವುದಿಲ್ಲ ಎಂದುಕೊಂಡೇ ಹೋಗಿ ತಟ್ಟೆಯ ಮುಂದೆ ಕೂತ. ಪ್ರಕೃತಿ ಆಗಲೇ ಎರಡನೆಯ ಸಲ ಹಾಕಿಸಿಕೊಳ್ಳುತ್ತಿದ್ದಳು. ಒಂದು ತುತ್ತು ತಿಂದ, ಇನ್ನೊಂದು ತಿಂದ. ಅನ್ನ ಚೆನ್ನಾಗಿತ್ತು, ಅದಕ್ಕೇ ಅವನ ಮೈ ಇನ್ನಷ್ಟು ಉರಿಯಿತು. ತೆರೆದ ಹಿಂಬಾಗಿಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಾಣುತ್ತಿತ್ತು. ಅದರ ಮೇಲೆ ಇದ್ದದ್ದು ಒಂದೇ ಒಂದು ಟವೆಲ್ಲು.

“ಸುಮತಿ,” ಎಂದ ಮೆಲ್ಲಗೆ. “ಹಿಂದಿನ ಹಗ್ಗದಲ್ಲಿ ಜಾಗ ಇರ್ಲಿಲ್ವಾ?”

“ಇತ್ತು.”

ಅವಳು ಇನ್ನೂ ಕೂತಿರಲಿಲ್ಲ. ಸೌಟು ಹಿಡಿದು ನಿಂತೇ ಇದ್ದಳು. ಅವನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿದಳು.

“ಗೆದ್ದಿದೀರಲ್ಲ,” ಎಂದಳು. “ಉಣ್ಣಿ.”